ಎರಡು ಗಂಟೆ ಪುಸ್ತಕ, ಅರಿಶಿನ, ಮತ್ತೆ ನಮ್ಮಮ್ಮನ ಇನಿಷಿಯಲ್ಲು

ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಲೈಬ್ರರಿ ಅಂದ್ರೆ ಒಂಥರಾ ಭಯ ಇತ್ತು. ಹಾಸನದ ಕಡೆ ಬಿಕಾಂ ಓದಿದ್ದು, ಕಾಲೇಜ್ ಹೆಸ್ರು ಬೇಡ ಬಿಡಿ, ಅಲ್ಲಿ ಲೈಬ್ರರಿ ಅಂದ್ರೆ ಒಂದು ಕೌಂಟರು, ಕೌಂಟರ್ ಹಿಂದೆ ಸಾಲಾಗಿ ಬೀಗ ಹಾಕಿರೋ ಗಾಜಿನ ಬೀರುಗಳು, ಅಷ್ಟೇ. ಚೀಟೀಲಿ ಪುಸ್ತಕದ ಹೆಸ್ರು ಬರ್ದು ಕಾರ್ಡ್ ಜೊತೆ ಕೊಟ್ರೆ ಒಳಗಿಂದ "ಇಲ್ಲಮ್ಮ" ಅಂತ ಬರೋದು. ನಾನು ನಿಂತಿರೋ ಜಾಗದಿಂದ ಗಾಜಿನೊಳಗೆ ಅದೇ ಪುಸ್ತಕ ಕಾಣ್ತಾ ಇದ್ರೂ ಇಲ್ಲಮ್ಮ. ಮೂರು ವರ್ಷದಲ್ಲಿ ನಾನು ತಗೊಂಡಿದ್ದು ನಾಕೋ ಐದೋ ಪುಸ್ತಕ, ಉಳಿದಿದ್ದೆಲ್ಲಾ ನೋಟ್ಸು, ಗೈಡು, ಸೀನಿಯರ್‌ಗಳ ಝೆರಾಕ್ಸು. ಫಸ್ಟ್ ಕ್ಲಾಸೇ ಬಂತು, ಆ ವಿಷಯ ಬೇರೆ.

ಈಗ ನಾನಿರೋದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಎಚ್4 ವೀಸಾದಲ್ಲಿ (ಗಂಡನ ಕೆಲಸದ ವೀಸಾ ಮೇಲೆ ಹೆಂಡ್ತಿಗೆ ಸಿಗೋದು) ಬಂದು, ಮಗಳು ಸ್ಕೂಲಿಗೆ ಹೋಗೋಕೆ ಶುರು ಮಾಡೋ ತನಕ ಮನೇಲೇ ಇದ್ದು, ಆಮೇಲೆ 37ನೇ ವಯಸ್ಸಲ್ಲಿ ಮನೆ ಹತ್ರದ ಕಮ್ಯುನಿಟಿ ಕಾಲೇಜಿಗೆ ಸೇರ್ಕೊಂಡೆ, ನರ್ಸಿಂಗ್‌ಗೆ ಬೇಕಾಗೋ ಪ್ರೀರಿಕ್ವಿಸಿಟ್ ಕೋರ್ಸ್‌ಗಳು ಮುಗಿಸೋಣ ಅಂತ. ಊರಲ್ಲಿ ಇರೋರು "ಕಮ್ಯುನಿಟಿ ಕಾಲೇಜ್ ಅಂದ್ರೆ ಏನೇ, ಯಾವ ಕಮ್ಯುನಿಟಿದು?" ಅಂತ ಕೇಳ್ತಾರೆ, ನಮ್ಮತ್ತೆಯಂತೂ ಜಾತಿದು ಅಂದ್ಕೊಂಡಿದ್ರು. ಹಂಗಲ್ಲ. ಇದು ಎರಡು ವರ್ಷದ ಸರ್ಕಾರಿ ಕಾಲೇಜು, ಆ ಊರಿನ ಜನರಿಗೆ ಅಂತಾನೇ ಇರೋದು, ಇಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗ್ಬೋದು, ಇಲ್ಲಾ ಕೆಲಸ ಕಲಿತು ಹೊರಗೆ ಹೋಗ್ಬೋದು. ಅಮೆರಿಕದಲ್ಲಿ ಇಂಥದ್ದು 1901ರಿಂದ ಇದೆ, ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾಗಿದ್ದು. ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. 18 ತುಂಬಿದ್ರೆ ಸಾಕು, ಎಂಟ್ರೆನ್ಸ್ ಗಿಂಟ್ರೆನ್ಸ್ ಏನಿಲ್ಲ, ರಾಜ್ಯದ ನಿವಾಸಿ ಅಂತ ಆದ್ರೆ ಯೂನಿಟ್‌ಗೆ (ಕೋರ್ಸ್ ಎಷ್ಟು ದೊಡ್ಡದು ಅಂತ ಅಳೆಯೋ ಲೆಕ್ಕ ಅದು) 46 ಡಾಲರ್ ಫೀಸು, 2012ರಿಂದ ಅಷ್ಟೇ ಇದೆ. ಹಂಗಾಗಿ ಕ್ಲಾಸಲ್ಲಿ ನನ್ನ ಪಕ್ಕ ಒಂದು ಕಡೆ 18ರ ಹುಡುಗ ಹೆಡ್‌ಫೋನ್ ಹಾಕ್ಕೊಂಡು, ಇನ್ನೊಂದು ಕಡೆ ರಿಟೈರ್ ಆಗಿರೋ ವಿಯೆಟ್ನಾಂ ತಾತ, ಹಿಂದೆ ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದಿರೋ ಎರಡು ಮಕ್ಕಳ ತಾಯಿ.

ಇವರೆಲ್ಲಾ ಬೆಳಿಗ್ಗೆ ಸೇರೋ ಜಾಗ ಲೈಬ್ರರಿ. ಯಾಕೆ ಅಂದ್ರೆ ರಿಸರ್ವ್ ಪುಸ್ತಕ.

ನಾನು ಕೆಮಿಸ್ಟ್ರಿ ತಗೊಂಡಾಗ ಗೊತ್ತಾಯ್ತು ಇದರ ಮಹಿಮೆ. ಕೋರ್ಸ್ ಫೀಸಿಗಿಂತ ಪುಸ್ತಕದ ರೇಟೇ ಜಾಸ್ತಿ! ನಿಜವಾಗ್ಲೂ. ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂದ್ರೆ ಅದರ ಜೊತೆ ಬರೋ ಆನ್‌ಲೈನ್ ಕೋಡ್ ಇರಲ್ಲ. ಅದಕ್ಕೆ ಲೈಬ್ರರೀಲಿ ಕೌಂಟರ್ ಹಿಂದೆ ಒಂದೊಂದು ಕೋರ್ಸಿನ ಟೆಕ್ಸ್ಟ್‌ಬುಕ್ ಒಂದೋ ಎರಡೋ ಕಾಪಿ ಇಟ್ಟಿರ್ತಾರೆ, ಐಡಿ ಕಾರ್ಡ್ ತೋರ್ಸಿದ್ರೆ ಎರಡು ಗಂಟೆಗೆ ಕೊಡ್ತಾರೆ, ಹೊರಗೆ ತಗೊಂಡು ಹೋಗಂಗಿಲ್ಲ. ಪರೀಕ್ಷೆ ವಾರ ಅಂದ್ರೆ ಬಾಗ್ಲು ತೆಗೆಯೋಕೆ ಮುಂಚೆ ಲೈನು. ಹತ್ರದಲ್ಲೇ ಸ್ಕ್ಯಾನರ್ ಇದೆ, ಬೇಕಾದ ನಾಕು ಪೇಜು ಮೇಲ್ ಮಾಡ್ಕೋಬೋದು. ಬರೀ ಪುಸ್ತಕ ಅಲ್ಲ, ಕ್ಯಾಲ್ಕುಲೇಟರ್ ಕೊಡ್ತಾರೆ, ಲ್ಯಾಪ್‌ಟಾಪ್ ಇಡೀ ಸೆಮಿಸ್ಟರ್‌ಗೆ ಕೊಡ್ತಾರೆ, ಮನೇಲಿ ಇಂಟರ್ನೆಟ್ ಇಲ್ದೋರಿಗೆ ಹಾಟ್‌ಸ್ಪಾಟ್ ಕೊಡ್ತಾರೆ. ಅನಾಟಮಿ ಓದೋರಿಗೆ ಮೂಳೆ ಪೆಟ್ಟಿಗೆ ಕೊಡ್ತಾರೆ, ಪ್ಲಾಸ್ಟಿಕ್ ಮೂಳೆನೇ, ಆದ್ರೂ ಮೊದಲ್ನೇ ಸಲ ಆ ಪೆಟ್ಟಿಗೆ ತಗೊಂಡು ಸ್ಟಡಿ ರೂಮಲ್ಲಿ ಒಬ್ಳೇ ಕೂತು ತಲೆಬುರುಡೆ ಕೈಯಲ್ಲಿ ಹಿಡ್ಕೊಂಡು "ಇದು ಆಕ್ಸಿಪಿಟಲ್, ಇದು ಪೆರೈಟಲ್" ಅಂತ ಗೊಣಗ್ತಾ ಇರುವಾಗ ನಮ್ಮಮ್ಮ ವಿಡಿಯೋ ಕಾಲ್ ಮಾಡಿದ್ರು. ಆ ಕಾಲ್ ಬಗ್ಗೆ ಇನ್ನೊಂದು ಸಲ ಬರೀತೀನಿ.

ಇದೆಲ್ಲಾ ವಸ್ತು ಕೊಡೋ ಮಾತಾಯ್ತು. ನಾನು ಬರೀಬೇಕು ಅಂತ ಕೂತಿದ್ದು ಅದಲ್ಲ. ಅಲ್ಲಿ ಒಂದು ಡೆಸ್ಕ್ ಇದೆ, ರೆಫರೆನ್ಸ್ ಡೆಸ್ಕ್ ಅಂತ, ಅಲ್ಲಿ ಒಬ್ರು ಲೈಬ್ರರಿಯನ್ ಕೂರ್ತಾರೆ, ಅರವತ್ತರ ಹತ್ರ ವಯಸ್ಸು, ಮೂಗಿನ ತುದಿಗೆ ಕನ್ನಡಕ, ಮತ್ತೆ ಏನ್ ಕೇಳಿದ್ರೂ ಉತ್ತರ ಕೊಡಲ್ಲ. ಮರುಪ್ರಶ್ನೆ ಹಾಕ್ತಾರೆ. ಮೊದಮೊದ್ಲು ಎಂಥ ಸಿಟ್ಟು ಬರೋದು ಗೊತ್ತಾ. ಆಮೇಲೆ ತಿಳೀತು, ಇಲ್ಲಿ ಲೈಬ್ರರಿಯನ್ ಅಂದ್ರೆ ಪುಸ್ತಕಕ್ಕೆ ಸೀಲ್ ಹೊಡಿಯೋರಲ್ಲ, ಲೈಬ್ರರಿ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮಾಡಿರ್ಬೇಕು, ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಅವ್ರೂ ಫ್ಯಾಕಲ್ಟೀನೇ, ಮೇಷ್ಟ್ರೇ.

ನಾನು ಆ ಡೆಸ್ಕ್‌ಗೆ ಹೋಗಿದ್ದು ಇಷ್ಟಪಟ್ಟು ಅಲ್ಲ, ಸಿಕ್ಕಾಕ್ಕೊಂಡು. ಇಂಗ್ಲಿಷ್ ಕ್ಲಾಸಿನ ಮೊದಲ್ನೇ ಅಸೈನ್‌ಮೆಂಟು, ನಾನು ನಮ್ಮ ಕಡೆ ಹೆಂಗೆ ಬರೀತಿದ್ನೋ ಹಂಗೇ ಬರ್ದೆ, ಅಂದ್ರೆ ಅಲ್ಲಿಂದ ಒಂದು ಪ್ಯಾರಾ ಇಲ್ಲಿಂದ ಒಂದು ಪ್ಯಾರಾ, ನಡುವೆ "ಹೀಗಾಗಿ", "ಆದ್ದರಿಂದ" ಅಂತ ಹೊಲಿಗೆ. ಬಿಕಾಂನಲ್ಲಿ ಇದಕ್ಕೇ ವೆರಿ ಗುಡ್ ಅಂತ ಬರ್ದು ಕೊಡ್ತಿದ್ರು. ಇಲ್ಲಿ ಕಂಪ್ಯೂಟರ್ 47 ಪರ್ಸೆಂಟ್ ಬೇರೆ ಕಡೆಯಿಂದ ಬಂದಿದೆ ಅಂತ ಬಣ್ಣ ಹಚ್ಚಿ ತೋರ್ಸಿಬಿಡ್ತು, ನನ್ನ ಪೇಪರ್ ಯುಗಾದಿ ರಂಗೋಲಿ ಥರ ಕಾಣ್ತಿತ್ತು. ಪ್ಲೇಜರಿಸಂ ಅನ್ನೋ ಪದ ಆವತ್ತು ಕೇಳಿದ್ದು. ಕಳ್ಳತನ ಅಂತ. ಕಾರಲ್ಲಿ ಕೂತು ಅತ್ತೆ. ಪುಣ್ಯಕ್ಕೆ ಮೇಡಂ ಸೊನ್ನೆ ಕೊಡಲಿಲ್ಲ, "ಲೈಬ್ರರಿಗೆ ಹೋಗಿ ಕಲ್ತು ಬಾ, ಮತ್ತೆ ಬರಿ" ಅಂದ್ರು.

ಹೋದೆ. ಲೈಬ್ರರಿಯನ್ ನನ್ನ ಬಣ್ಣದ ಪೇಪರ್ ನೋಡಿ ಬೈಲಿಲ್ಲ, ಒಂದೊಂದು ಬಣ್ಣದ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದ್ರು. ಇದು ಯಾರ ಮಾತು? ಇದು? ಇದು ಯಾರದ್ದು? ಹತ್ತು ಸಲ ಕೇಳಿರ್ಬೇಕು. ನಂಗೆ ಒಂದಕ್ಕೂ ಗೊತ್ತಿರ್ಲಿಲ್ಲ. ಕದ್ದಿದ್ದು ಬೇಜಾರಾಗೋದಿರ್ಲಿ, ಯಾರ ಮನೆಯಿಂದ ಕದ್ದೆ ಅಂತಾನೂ ಗೊತ್ತಿಲ್ವಲ್ಲ ಅನ್ನಿಸ್ತು.

ಅಲ್ಲಿಂದ ಶುರು ನನ್ನ ಅರಿಶಿನದ ಕಥೆ. ಮುಂದಿನ ದೊಡ್ಡ ಪೇಪರ್‌ಗೆ ಟಾಪಿಕ್ ನಾವೇ ಆರಿಸ್ಕೋಬೇಕಿತ್ತು, ನಾನು ಅರಿಶಿನ ಅಂದೆ, ನಮ್ಮನೇದೇ ವಿಷಯ, ಗೊತ್ತಿರೋದೇ, ಬೇಗ ಮುಗೀತದೆ ಅಂತ. ಗಾಯಕ್ಕೂ ಅರಿಶಿನ, ನೆಗಡಿಗೂ ಅರಿಶಿನ, ಕ್ಯಾನ್ಸರ್‌ಗೂ ಅರಿಶಿನ, ನಮ್ಮ ಹಿರಿಯರು ಸಾವಿರಾರು ವರ್ಷದ ಹಿಂದೆ ಕಂಡುಹಿಡಿದಿದ್ದನ್ನ ಈಗ ಅಮೆರಿಕದವ್ರು ಒಪ್ಕೊಂಡಿದಾರೆ, ಇದು ನನ್ನ ಪಾಯಿಂಟು. ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಬೇಕಾದಷ್ಟು ಮೆಟೀರಿಯಲ್ ಇತ್ತಲ್ಲ.

ಒಂದು ವೆಬ್‌ಸೈಟ್ ಹಿಡ್ಕೊಂಡು ಹೋದೆ ಡೆಸ್ಕ್‌ಗೆ. ತುಂಬಾ ಚೆನ್ನಾಗಿತ್ತು ಸೈಟು, ಡಾಕ್ಟರ್ ಅಂತ ಹೆಸ್ರು, ಬಿಳಿ ಕೋಟಿನ ಫೋಟೋ, ತಾರೀಖು, ಕೊನೇಲಿ ಇಪ್ಪತ್ತು ರೆಫರೆನ್ಸು. ಆ ವಾರ ಕ್ಲಾಸಿಗೇ ಬಂದು ಲೈಬ್ರರಿಯವ್ರು ಒಂದು ಪಾಠ ಮಾಡಿದ್ರು, ಕ್ರ್ಯಾಪ್ ಟೆಸ್ಟ್ ಅಂತ (ಹೆಸ್ರು ಕೇಳಿ ಹುಡುಗ್ರೆಲ್ಲಾ ಕಿಸಕ್ ಅಂದ್ರು, ಬೇಕಂತಾನೇ ಹಂಗೆ ಇಟ್ಟಿರೋದು, ಇಂಗ್ಲಿಷಲ್ಲಿ ಅದರರ್ಥ ಕೆಟ್ಟ ಮಾಲು ಅಂತ). ಇಲ್ಲೇ ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಸ್ಟೇಟ್ ಯೂನಿವರ್ಸಿಟಿ ಲೈಬ್ರರಿಯನ್‌ಗಳು 2004ರಲ್ಲಿ ಮಾಡಿದ್ದಂತೆ. ಮಾಹಿತಿ ಹೊಸದಾ, ನನ್ನ ವಿಷಯಕ್ಕೆ ಹೊಂದುತ್ತಾ, ಬರ್ದೋರು ಯಾರು, ತಪ್ಪಿಲ್ವಾ, ಯಾಕೆ ಬರ್ದಿದಾರೆ, ಐದು ಪ್ರಶ್ನೆ. ನನ್ನ ಸೈಟು ಐದಕ್ಕೆ ಐದೂ ಪಾಸು. ಜಂಬದಿಂದ ತೋರ್ಸಿದೆ.

ಅವ್ರು ಎರಡು ಸೆಕೆಂಡ್ ನೋಡಿ ಹೊಸ ಟ್ಯಾಬ್ ತೆಗೆದ್ರು. ಆ ಸೈಟಿನ ಒಳಗೆ ಏನೂ ಓದಲಿಲ್ಲ, ಅದರ ಹೆಸ್ರನ್ನ ಗೂಗಲ್‌ಗೆ ಹಾಕಿ ಬೇರೆಯವ್ರು ಅದರ ಬಗ್ಗೆ ಏನ್ ಹೇಳ್ತಾರೆ ಅಂತ ನೋಡಿದ್ರು. ಒಂದೇ ನಿಮಿಷ. ಅರಿಶಿನ ಕ್ಯಾಪ್ಸೂಲ್ ಮಾರೋ ಕಂಪನಿಯವ್ರದ್ದೇ ಸೈಟು, ಡಾಕ್ಟರ್ ಅನ್ನೋರು ಯಾವ ಆಸ್ಪತ್ರೆ ಡಾಕ್ಟರೂ ಅಲ್ಲ. ನಾನು ಅರ್ಧ ಗಂಟೆ ಆ ಪೇಜನ್ನೇ ಮೇಲಿಂದ ಕೆಳಗೆ ಓದ್ತಾ ಕೂತಿದ್ದೆ. ನಾವು ಹೆಣ್ಣು ಕೊಡೋಕೆ ಮುಂಚೆ ಹುಡುಗನ್ನೇ ಕೂರ್ಸಿ "ನೀನು ಒಳ್ಳೆಯವನಾ" ಅಂತ ಕೇಳ್ತೀವಾ? ಅಕ್ಕಪಕ್ಕದ ಮನೇಲಿ ವಿಚಾರಿಸ್ತೀವಲ್ವಾ? ಅದೇ ಇದು. ಇದಕ್ಕೆ ಲ್ಯಾಟರಲ್ ರೀಡಿಂಗ್ ಅಂತಾರೆ, ಅಡ್ಡ ಓದು ಅನ್ನಿ. ನಮ್ಮ ಮನೆಯಿಂದ ಸ್ವಲ್ಪ ದೂರದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್, ಸಾರಾ ಮೆಕ್‌ಗ್ರೂ ಅನ್ನೋರು ಇದನ್ನ ಪರೀಕ್ಷೆ ಮಾಡಿ 2017ರಲ್ಲಿ ಬರ್ದಿದಾರೆ, 10 ಜನ ಇತಿಹಾಸದ ಪಿಎಚ್‌ಡಿಗಳು, 10 ಜನ ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು (ಬರ್ದಿದ್ದು ನಿಜಾನಾ ಅಂತ ಪರೀಕ್ಷೆ ಮಾಡೋರು), 25 ಜನ ಸ್ಟ್ಯಾನ್‌ಫರ್ಡ್ ಸ್ಟೂಡೆಂಟ್ಸು, ಎಲ್ರಿಗೂ ಒಂದಷ್ಟು ವೆಬ್‌ಸೈಟ್ ಕೊಟ್ಟು ಯಾವುದು ನಂಬೋಂಥದ್ದು ಹೇಳಿ ಅಂದ್ರೆ, ಪಿಎಚ್‌ಡಿಯವ್ರಲ್ಲೂ ಸುಮಾರು ಜನ ಚೆಂದದ ಲೋಗೋ, ಗಂಭೀರವಾದ ಹೆಸ್ರು ನೋಡಿ ಮೋಸ ಹೋದ್ರು, ಫ್ಯಾಕ್ಟ್ ಚೆಕರ್‌ಗಳು ಮಾತ್ರ ಪೇಜ್ ಬಿಟ್ಟು ಹೊರಗೆ ಓಡಿ ಬೇರೆ ಟ್ಯಾಬ್ ತೆಗೆದು ಬೇಗ ಸರಿ ಉತ್ತರ ಹೇಳಿದ್ರು. ಇದು ಓದಿ ನಂಗೆ ಸಮಾಧಾನ ಆಯ್ತು, ದೊಡ್ಡದೊಡ್ಡವ್ರೇ ಬಿದ್ದಿದಾರೆ ಅಂತ.

ಆಮೇಲೆ ಡೇಟಾಬೇಸ್, ಅಂದ್ರೆ ಜರ್ನಲ್ ಲೇಖನಗಳನ್ನ ಕೂಡಿಟ್ಟಿರೋ ಆನ್‌ಲೈನ್ ಭಂಡಾರ. ಕಾಲೇಜ್ ದುಡ್ಡು ಕಟ್ಟಿ ಎಬ್ಸ್ಕೊ, ಪ್ರೋಕ್ವೆಸ್ಟ್, ಜೆಸ್ಟೋರ್ ಇಂಥವಕ್ಕೆಲ್ಲಾ ಚಂದಾ ಹಾಕಿರುತ್ತೆ, ನಮ್ಮ ಐಡಿ ಹಾಕಿದ್ರೆ ಮನೆಯಿಂದ್ಲೇ ಓದ್ಬೋದು, ಹೊರಗೆ ಅದೇ ಒಂದು ಲೇಖನಕ್ಕೆ ಮೂವತ್ತು ನಲವತ್ತು ಡಾಲರ್ ಕೇಳ್ತಾರೆ. ನಾನು ಗೂಗಲಲ್ಲಿ ಕೇಳೋ ಹಂಗೆ "ಅರಿಶಿನ ಕ್ಯಾನ್ಸರ್ ವಾಸಿ ಮಾಡುತ್ತಾ" ಅಂತ ಇಂಗ್ಲಿಷಲ್ಲಿ ಇಡೀ ವಾಕ್ಯ ಹಾಕಿದೆ. ಬಂದಿದ್ದು ಸಂಬಂಧ ಇಲ್ದಿರೋ ಎಂಟು ಹತ್ತು ಲೇಖನ. ಆಗ ಅರ್ಥ ಮಾಡ್ಕೊಂಡೆ, ಇದು ದಿನಸಿ ಅಂಗಡಿ ಚೀಟಿ ಥರ. ಶೆಟ್ಟರ ಅಂಗಡಿಗೆ ಚೀಟಿ ಕಳ್ಸುವಾಗ "ನಾಳೆ ನೆಂಟ್ರು ಬರ್ತಾರೆ ಏನಾದ್ರೂ ಚೆನ್ನಾಗಿರೋದು ಕೊಡಿ" ಅಂತ ಬರೀತೀವಾ, ತೊಗರಿಬೇಳೆ ಎರಡು ಕೆಜಿ, ಬೆಲ್ಲ ಅರ್ಧ ಅಚ್ಚು ಅಂತ ತಾನೇ. ಹಂಗೆ ಪದ ಬಿಡಿಬಿಡಿಯಾಗಿ ಹಾಕ್ಬೇಕು. ನಡುವೆ ಆರ್ (OR) ಹಾಕಿದ್ರೆ ಇದಾದ್ರೂ ಸರಿ ಅದಾದ್ರೂ ಸರಿ, ಆಂಡ್ (AND) ಹಾಕಿದ್ರೆ ಎರಡೂ ಇರ್ಲೇಬೇಕು.

ಇಲ್ಲೇ ಅವ್ರು ಕೇಳಿದ ಪ್ರಶ್ನೆ ನಂಗೆ ಇವತ್ತಿಗೂ ನೆನಪಿದೆ. "ಈ ವಸ್ತುವನ್ನ ಯಾರ್ಯಾರು ಏನೇನಂತ ಕರೀತಾರೆ?" ನಾನು ಬಿಳಿ ಕಾಗದದ ಮೇಲೆ ಬರೀತಾ ಹೋದೆ. ಮನೇಲಿ ಅರಿಶಿನ. ಇಲ್ಲಿ ಇಂಡಿಯನ್ ಸ್ಟೋರಲ್ಲಿ ಹಲ್ದಿ. ಅಮೆರಿಕನ್ ಸ್ಟೋರಲ್ಲಿ ಟರ್ಮರಿಕ್. ಸಸ್ಯಶಾಸ್ತ್ರದವ್ರಿಗೆ ಕರ್ಕ್ಯುಮಾ ಲೋಂಗಾ. ಕೆಮಿಸ್ಟ್ರಿಯವ್ರಿಗೆ ಅದರೊಳಗಿನ ಕರ್ಕ್ಯುಮಿನ್. ಐದು ಹೆಸ್ರು, ಮತ್ತೆ ಆಶ್ಚರ್ಯ ಏನಂದ್ರೆ ಐದು ಹೆಸ್ರಿಗೆ ಐದು ಥರದ ಲೋಕ ತೆರ್ಕೊಳ್ತು. ಹಲ್ದಿ ಅಂತ ಹಾಕಿದ್ರೆ ಮದುವೆ ಶಾಸ್ತ್ರದ ಬಗ್ಗೆ ಸಮಾಜಶಾಸ್ತ್ರದ ಲೇಖನ ಬಂತು, ಟರ್ಮರಿಕ್ ಅಂದ್ರೆ ಅಡಿಗೆ ಆರೋಗ್ಯ, ಕರ್ಕ್ಯುಮಿನ್ ಅಂದ್ರೆ ಸಾವಿರಗಟ್ಲೆ ಲ್ಯಾಬ್ ರಿಪೋರ್ಟು. ಕೆಲವಕ್ಕೆ ಮೇಲೆ ರಿಟ್ರ್ಯಾಕ್ಟೆಡ್ ಅಂತ ಬರ್ದಿತ್ತು, ಅಂದ್ರೆ ಜರ್ನಲ್‌ನವ್ರೇ ವಾಪಸ್ ತಗೊಂಡಿದಾರೆ ಅಂತ, ಅಂಥದ್ದೊಂದನ್ನ ನಮ್ಮ ಗ್ರೂಪಲ್ಲಿ ಬಂದ ಫಾರ್ವರ್ಡಲ್ಲಿ ನಾನೇ ನೋಡಿದ್ದೆ. ಪೇಪರ್ ವಾಪಸ್ ಹೋದ್ರೂ ಫಾರ್ವರ್ಡ್ ವಾಪಸ್ ಹೋಗಲ್ಲ ನೋಡಿ.

ಮತ್ತೆ ಒಂದು ಲೇಖನ ಸಿಕ್ತು, 2017ರದ್ದು, ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಬಂದಿದ್ದು. ಅದು ನನ್ನ ಪೇಪರ್‌ನ ಬೆನ್ನುಮೂಳೆ ಮುರೀತು. ಅದರಲ್ಲಿ ಹೇಳಿರೋದು ಸರಳವಾಗಿ ಹೇಳ್ಬೇಕಂದ್ರೆ, ಕರ್ಕ್ಯುಮಿನ್ ಅನ್ನೋದು ಲ್ಯಾಬ್ ಟೆಸ್ಟ್‌ಗಳನ್ನೇ ಏಮಾರ್ಸೋ ಜಾತಿದು, ದೇಹದ ಒಳಗೆ ಸರಿಯಾಗಿ ಹೀರ್ಕೊಳ್ಳೋದೂ ಇಲ್ಲ, ನಿಲ್ಲೋದೂ ಇಲ್ಲ, 120ಕ್ಕಿಂತ ಜಾಸ್ತಿ ಕ್ಲಿನಿಕಲ್ ಟ್ರಯಲ್ ಆಗಿವೆ, ಆದ್ರೆ ರೋಗಿಗೂ ಡಾಕ್ಟ್ರಿಗೂ ಯಾವುದು ಔಷಧಿ ಯಾವುದು ಸುಳ್ಳುಮಾತ್ರೆ ಅಂತ ಗೊತ್ತಿಲ್ದೇ ಮಾಡೋ ಕಟ್ಟುನಿಟ್ಟಿನ ಟ್ರಯಲ್‌ಗಳಲ್ಲಿ ಒಂದೂ ಗೆದ್ದಿಲ್ಲ ಅಂತ. ಅದೂ ಅಲ್ದೆ ಅರಿಶಿನ ಪುಡೀಲಿ ಕರ್ಕ್ಯುಮಿನ್ ಇರೋದೇ ಹೆಚ್ಚಂದ್ರೆ ನೂರಕ್ಕೆ ಸುಮಾರು ಐದು ಭಾಗ. ನಂಗೆ ಯಾರೋ ನಮ್ಮಜ್ಜೀನ ಬೈದಂಗಾಯ್ತು. ಈ ಲೇಖನ ಬಿಟ್ಟುಬಿಡ್ತೀನಿ, ಬೇರೆ ಒಳ್ಳೇದು ಹುಡುಕ್ತೀನಿ ಅಂದೆ. ಅವ್ರು ಕನ್ನಡಕದ ಮೇಲಿಂದ ನೋಡಿ, "ಇಷ್ಟ ಆಗ್ಲಿಲ್ಲ ಅಂತ ಬಿಡ್ತಿದೀಯಾ, ಸರಿ ಇಲ್ಲ ಅಂತ ಬಿಡ್ತಿದೀಯಾ?" ಅಂದ್ರು.

ಮನೆಗೆ ಬಂದು ಎರಡು ದಿನ ಪೇಪರ್ ಮುಟ್ಲಿಲ್ಲ.

ಮೂರನೇ ದಿನ ರಾತ್ರಿ ಹನ್ನೊಂದಕ್ಕೆ, ಮಗಳು ಮಲಗಿದ್ಮೇಲೆ, ಲೈಬ್ರರಿ ಚಾಟ್‌ನಲ್ಲಿ ಕೇಳಿದೆ. ರಾತ್ರಿ ಹೊತ್ತು ನಮ್ಮ ಕಾಲೇಜಿನವ್ರು ಇರಲ್ಲ, ಬೇರೆ ಯಾವುದೋ ಊರಿನ ಲೈಬ್ರರಿಯನ್ ಇರ್ತಾರೆ, ಕಾಲೇಜುಗಳು ಹಂಚ್ಕೊಂಡು ನಡ್ಸೋ ವ್ಯವಸ್ಥೆ ಅದು. ಅವ್ರೂ ಮರುಪ್ರಶ್ನೆನೇ! ಇದು ಈ ಕುಲದವ್ರ ಗುಣ ಅಂತ ಆಗ ಗೊತ್ತಾಯ್ತು. "ಕ್ಯಾನ್ಸರ್ ಬೇಕಾ, ಗಾಯ ಬೇಕಾ? ಔಷಧಿ ಬೇಕಾ, ಅದರ ಇತಿಹಾಸ ಬೇಕಾ?" ಗಾಯ, ಇತಿಹಾಸ ಅಂತ ಟೈಪ್ ಮಾಡಿದೆ. ಹಂಗೆ ಸಿಕ್ಕಿದ್ದು ಪೇಟೆಂಟ್ ಕೇಸು.

ಹೆಸ್ರು ಕೇಳಿರ್ತೀರ, ಪೂರ್ತಿ ಕಥೆ ನಂಗೂ ಗೊತ್ತಿರ್ಲಿಲ್ಲ. 1995ರ ಮಾರ್ಚಲ್ಲಿ ಮಿಸಿಸಿಪ್ಪಿ ಯೂನಿವರ್ಸಿಟಿ ಮೆಡಿಕಲ್ ಸೆಂಟರ್‌ಗೆ ಅರಿಶಿನದಿಂದ ಗಾಯ ವಾಸಿ ಮಾಡೋದಕ್ಕೆ ಅಮೆರಿಕದ ಪೇಟೆಂಟ್ ಸಿಕ್ತು. ಅದರಲ್ಲಿ ಹೆಸ್ರಿದ್ದ ಇಬ್ರೂ ನಮ್ಮ ದೇಶ ಮೂಲದವ್ರೇ, ತಮಾಷೆ ನೋಡಿ. ಆಗ ದೆಹಲಿಯ ಸಿಎಸ್‌ಐಆರ್ (ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ), ರಘುನಾಥ್ ಮಾಶೇಲ್ಕರ್ ಮುಖ್ಯಸ್ಥರಾಗಿದ್ದಾಗ, ಇದು ಹೊಸದೇ ಅಲ್ಲ ಅಂತ ತಕರಾರು ಹಾಕ್ತು. ಆದ್ರೆ ನಮ್ಮ ದೇಶದಲ್ಲಿ ಎಲ್ಲಾ ಅಜ್ಜೀರೂ ಹಚ್ತಾರೆ ಅಂದ್ರೆ ನಡೆಯಲ್ಲ. ಆಗಿನ ಅಮೆರಿಕದ ಕಾನೂನು ಪ್ರಕಾರ ಹೊರದೇಶದಲ್ಲಿ ಜನ ಬಳಸ್ತಾರೆ ಅನ್ನೋದು ಲೆಕ್ಕಕ್ಕಿಲ್ಲ, ಎಲ್ಲಾದ್ರೂ ಅಚ್ಚಾಗಿರ್ಬೇಕು. ಸಿಎಸ್‌ಐಆರ್‌ನವ್ರು ಹುಡುಕಿ ಹುಡುಕಿ 32 ದಾಖಲೆ ತೆಗೆದ್ರು, ಸಂಸ್ಕೃತದ್ದು, ಉರ್ದುದು, ಹಿಂದಿದು, ಕೆಲವು ನೂರು ವರ್ಷಕ್ಕಿಂತ ಹಳೇದು, 1953ರ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಜರ್ನಲ್‌ನ ಒಂದು ಲೇಖನ. 1997ರಲ್ಲಿ ಪೇಟೆಂಟ್ ರದ್ದಾಯ್ತು.

ಅಂದ್ರೆ ಅರಿಶಿನವನ್ನ ಗೆಲ್ಸಿದ್ದು ಏನು, ರೆಫರೆನ್ಸ್ ಲಿಸ್ಟು! ಯಾರೋ ಒಬ್ರು ಯಾವುದೋ ಲೈಬ್ರರೀಲಿ ಧೂಳು ಕುಡಿದು 1953ರ ಸಂಚಿಕೆ ತೆಗೆದು ಪುಟ ತೋರ್ಸಿದಾರೆ. ನಾನು ಸುಮ್ನೆ ಕಾಟಾಚಾರ ಅಂದ್ಕೊಂಡಿದ್ದ ಆ ಕೊನೇ ಪುಟ. ಅವತ್ತು ರಾತ್ರಿ ಇವ್ರನ್ನ ಎಬ್ಬಿಸಿ ಹೇಳಿದೆ, "ಬೆಳಿಗ್ಗೆ ಮೀಟಿಂಗ್ ಇದೆ ಕಣೇ" ಅಂತ ಮಗ್ಗುಲು ತಿರುಗಿ ಮಲಗಿದ್ರು.

ಪೇಪರ್ ಪೂರ್ತಿ ತಿರುಗಿಸಿ ಬರ್ದೆ. ಅರಿಶಿನ ಗ್ರೇಟ್ ಅಂತಾನೂ ಅಲ್ಲ, ಬೋಗಸ್ ಅಂತಾನೂ ಅಲ್ಲ. ಮನೆಮದ್ದಾಗಿ ಜನ ಬಳಸ್ತಿದ್ರು ಅನ್ನೋದಕ್ಕೆ ಗಟ್ಟಿ ದಾಖಲೆ ಇದೆ, ಕ್ಯಾಪ್ಸೂಲ್ ನುಂಗಿದ್ರೆ ಕ್ಯಾನ್ಸರ್ ಹೋಗುತ್ತೆ ಅನ್ನೋದಕ್ಕೆ ಇಲ್ಲ, ಇವೆರಡು ಬೇರೆಬೇರೆ ಮಾತು, ನಾವು ಎರಡನ್ನೂ ಒಂದೇ ಪಾತ್ರೇಲಿ ಕಲಸ್ತೀವಿ. ಇಲ್ಲಿನ ಕಾಲೇಜ್ ಲೈಬ್ರರಿಯನ್‌ಗಳ ಸಂಘದವ್ರು 2016ರಲ್ಲಿ ಒಪ್ಪಿದ ಒಂದು ಚೌಕಟ್ಟಿದೆ, ಮಾಹಿತಿಯನ್ನ ಹೆಂಗೆ ಹುಡುಕ್ಬೇಕು, ಹೆಂಗೆ ತೂಗ್ಬೇಕು ಅನ್ನೋದಕ್ಕೆ, ಅದರಲ್ಲಿ ಆರು ಸೂತ್ರ, ಅದರಲ್ಲೊಂದು ಏನಂದ್ರೆ ಯಾರ ಮಾತಿಗೆ ಬೆಲೆ ಅನ್ನೋದು ಸಂದರ್ಭದ ಮೇಲೆ ಹೋಗುತ್ತೆ ಅಂತ. ಅಜ್ಜಿ ಮಾತಿಗೂ ಬೆಲೆ ಇದೆ, ಎಲ್ಲಿ ಅಂತ ನೋಡ್ಬೇಕು. ಅರಿಶಿನ ಶಾಸ್ತ್ರ, ಮದುವೆ, ಸುಟ್ಟ ಬೆರಳು, ಇವುಗಳ ಬಗ್ಗೆ ಅಜ್ಜಿ ಮಾತು ಸಾಕ್ಷಿ. ಕ್ಯಾನ್ಸರ್ ಗೆಡ್ಡೆ ಕರಗೋ ವಿಷಯಕ್ಕೆ ಅಲ್ಲ.

ಒಂದು ದಿನ ಲೈಬ್ರರಿಯನ್ ಕೇಳಿದ್ರು ಯಾವ ಊರು ಅಂತ. ಹಾಸನ ಅಂದ್ರೆ ಗೊತ್ತಾಗಲ್ಲ ಅಂತ ಬೆಂಗಳೂರು ಅಂದೆ. ಮುಖ ಅರಳ್ತು ಅವ್ರಿಗೆ, ಸಾಫ್ಟ್‌ವೇರ್ ಅಂತಾರೆ ಅಂದ್ಕೊಂಡೆ, "ರಂಗನಾಥನ್ ಅವರ ಊರು!" ಅಂದ್ರು. ನಾನು ಯಾವ ರಂಗನಾಥನ್, ಪಕ್ಕದ ಮನೆಯವ್ರಾ ಅನ್ನೋ ಥರ ನೋಡಿದೆ. ಎಸ್.ಆರ್. ರಂಗನಾಥನ್, ಗಣಿತದ ಮೇಷ್ಟ್ರಾಗಿದ್ದೋರು 1924ರಲ್ಲಿ ಮದ್ರಾಸ್ ಯೂನಿವರ್ಸಿಟಿ ಲೈಬ್ರರಿಯನ್ ಆಗಿ, 1931ರಲ್ಲಿ ಲೈಬ್ರರಿಗೆ ಐದು ಸೂತ್ರ ಬರ್ದು, ಕೊನೆಗಾಲಕ್ಕೆ ಬೆಂಗಳೂರಲ್ಲಿ ನೆಲೆಸಿ, 1962ರಲ್ಲಿ ಡಿಆರ್‌ಟಿಸಿ ಅನ್ನೋ, ಲೈಬ್ರರಿ ಸೈನ್ಸ್ ಕಲಿಸೋ ಸಂಸ್ಥೆ ಶುರು ಮಾಡಿ, 1972ರಲ್ಲಿ ಅಲ್ಲೇ ತೀರ್ಕೊಂಡೋರು. ಲೈಬ್ರರಿ ಸೈನ್ಸ್ ಓದೋರಿಗೆಲ್ಲಾ ಅಮೆರಿಕದಲ್ಲೂ ಅವರ ಹೆಸ್ರು ಗೊತ್ತು. ಪುಸ್ತಕ ಇರೋದು ಬಳಸೋಕೆ, ಇದು ಮೊದಲ್ನೇ ಸೂತ್ರ. ಓದುಗರ ಸಮಯ ಉಳ್ಸು, ಇದು ನಾಲ್ಕನೇದು. ನಮ್ಮ ಗಾಜಿನ ಬೀರು ಮತ್ತೆ ಅದರ ಬೀಗ ಜ್ಞಾಪಕ ಬಂತು. ಸೂತ್ರ ಬರ್ದೋರು ನಮ್ಮ ಬೆಂಗಳೂರಲ್ಲಿ, ಬೀಗ ತೆಗೆದಿರೋದು ಇಲ್ಲಿ. ಹೊಟ್ಟೆ ಉರೀತು ಅಂತಾನೇ ಹೇಳ್ಬೇಕು.

ಹಂಗಂತ ಇಲ್ಲಿ ಎಲ್ಲಾ ಚಿನ್ನ ಅಂತಲ್ಲ. ದುಡ್ಡು ಕಮ್ಮಿ ಆದಾಗ ಮೊದ್ಲು ಕಟ್ ಆಗೋದು ಲೈಬ್ರರಿ ಟೈಮೇ, ಶನಿವಾರ ಬಾಗ್ಲು ಹಾಕಿರುತ್ತೆ, ವಾರವೆಲ್ಲಾ ದುಡಿಯೋರಿಗೆ ಸಿಗೋ ದಿನ ಅದೊಂದೇ. ಕನ್ನಡದ ಪುಸ್ತಕ ಹುಡುಕೋಣ ಅಂತ ಪಿಎಲ್ ಅನ್ನೋ ಶೆಲ್ಫಿಗೆ ಹೋದೆ ಒಂದ್ಸಲ, ಪುಸ್ತಕ ವಿಂಗಡಿಸೋ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತೀಲಿ ಸಂಸ್ಕೃತ ಇರೋದು ಪಿಕೆಯಲ್ಲಿ, ನಾವು ದ್ರಾವಿಡರು ಚೈನೀಸು, ಜಪಾನೀಸು, ಆಫ್ರಿಕಾದ ಭಾಷೆಗಳ ಜೊತೆ ಪಿಎಲ್‌ನಲ್ಲಿ. ನಮ್ಮ ಲೈಬ್ರರಿಯಲ್ಲಿ ಕನ್ನಡದ್ದು ಒಂದೂ ಇರ್ಲಿಲ್ಲ. ಬೇಕಿದ್ರೆ ಬೇರೆ ಲೈಬ್ರರಿಯಿಂದ ತರ್ಸಿ ಕೊಡ್ತೀವಿ ಅಂದ್ರು ಅನ್ನಿ, ನಾನೇ ಆ ಫಾರಂ ಇನ್ನೂ ತುಂಬಿಲ್ಲ.

ಈಚೆಗೆ ಅವ್ರ ತಲೆನೋವು ಬೇರೆ. ಹುಡುಗ್ರು ಚಾಟ್‌ಜಿಪಿಟಿ ಕೊಟ್ಟಿರೋ ರೆಫರೆನ್ಸ್ ಹಿಡ್ಕೊಂಡು ಬರ್ತಾರೆ, ಈ ಲೇಖನ ತರ್ಸಿಕೊಡಿ ಅಂತ. ನನ್ನ ಕಣ್ಣೆದುರಿಗೇ ಒಬ್ಬ ಹುಡುಗ ತಂದ, ಲೇಖಕರ ಹೆಸ್ರು, ಜರ್ನಲ್, ಸಂಪುಟ, ಪುಟ, ಎಲ್ಲಾ ಇದೆ. ಜರ್ನಲ್ಲೂ ನಿಜವಾದ್ದೇ. ಆ ಸಂಪುಟ ತೆಗೆದು ಆ ಪುಟಕ್ಕೆ ಹೋದ್ರೆ ಅಲ್ಲಿರೋದು ಮೀನು ಸಾಕಾಣಿಕೆ ಬಗ್ಗೆ. ಆ ಹುಡುಗನ ಮುಖ ನೋಡ್ಬೇಕಿತ್ತು. ನ್ಯೂಯಾರ್ಕಲ್ಲಿ ವಕೀಲರೇ ಹಿಂಗೆ ಇಲ್ದಿರೋ ಕೇಸುಗಳನ್ನ ಕೋರ್ಟಿಗೆ ಕೊಟ್ಟು 2023ರಲ್ಲಿ 5,000 ಡಾಲರ್ ದಂಡ ಕಟ್ಟಿದಾರೆ, ಇವನು ಪಾಪ 19ರವನು. ಲೈಬ್ರರಿಯನ್ ಬೈಲಿಲ್ಲ, ನಂಗೆ ಗೊತ್ತಿತ್ತು ಏನ್ ಕೇಳ್ತಾರೆ ಅಂತ, ಮನಸಲ್ಲೇ ಅವ್ರ ಜೊತೆ ನಾನೂ ಹೇಳ್ದೆ. ಇದು ಯಾರ ಮಾತು?

ನನ್ನ ಪೇಪರ್ ವಿಷಯಕ್ಕೆ ಬರ್ತೀನಿ, ಮುಗೀತು ಇನ್ನೇನು. ಅಮ್ಮಂಗೆ ಫೋನ್ ಮಾಡಿ ಕೇಳಿದ್ದೆ, ಗಾಯಕ್ಕೆ ಅರಿಶಿನ ಹಚ್ಚೋದು ನಿಮಗೆ ಯಾರು ಹೇಳ್ಕೊಟ್ರು ಅಂತ. "ಯಾರ್ ಹೇಳ್ಕೊಡ್ತಾರೆ, ಈಳಿಗೆ ಮಣೇಲಿ ಕೈ ಕುಯ್ದಾಗ ನಮ್ಮತ್ತೆ ಒಂದು ಚಿಟಿಕೆ ತುಂಬಿದ್ರು, ರಕ್ತ ನಿಲ್ತು, ನಾನು ನಿಂಗೆ ತುಂಬಿದೆ, ಅಷ್ಟೇ. ಅದಕ್ಯಾಕೆ ಇಷ್ಟು ದುಡ್ಡು ಕೊಟ್ಟು ಓದ್ತಿದೀಯಾ" ಅಂದ್ರು. ಇದನ್ನ ಪೇಪರಲ್ಲಿ ಹಾಕ್ದೆ. ಹಾಕಿದ್ಮೇಲೆ ಕೊನೇ ಪುಟದಲ್ಲಿ ಅಮ್ಮನ ಹೆಸ್ರೂ ಬರ್ಬೇಕಲ್ಲ, ಸ್ವಂತ ಸಂದರ್ಶನ ಅಂತ ಹಾಕೋಕೆ ಎಂಎಲ್‌ಎ ಪದ್ಧತೀಲಿ (ರೆಫರೆನ್ಸ್ ಲಿಸ್ಟ್ ಬರೆಯೋ ಒಂದು ಕ್ರಮ, ನಮ್ಮ ಶಾಸಕರಲ್ಲ) ಜಾಗ ಇದೆ. ಆದ್ರೆ ಲಾಸ್ಟ್ ನೇಮ್ ಮೊದ್ಲು ಬರೀಬೇಕು. ನಮ್ಮಮ್ಮಂಗೆ ಎಲ್ಲಿಯ ಲಾಸ್ಟ್ ನೇಮು, ಹೆಸ್ರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿಂದು, ಒಂದು ತಾತಂದು.

ಡೆಸ್ಕಲ್ಲಿ ಕಾಲು ಗಂಟೆ ಇದೇ ಚರ್ಚೆ. ಊರಿನ ಹೆಸ್ರನ್ನ ಲಾಸ್ಟ್ ನೇಮ್ ಮಾಡಿದ್ರೆ ಇಡೀ ಊರೇ ನಮ್ಮಮ್ಮ ಆಗ್ತಾರೆ, ತಾತನ ಹೆಸ್ರು ಹಾಕಿದ್ರೆ ಹೇಳಿದ್ದು ತಾತ ಅಂದಂಗಾಗುತ್ತೆ. ಆ ಲೈಬ್ರರಿಯನ್ ಜೀವನದಲ್ಲಿ ಮೊದಲ್ನೇ ಸಲ ಮರುಪ್ರಶ್ನೆ ಹಾಕ್ದೆ ಸುಮ್ಮನಾದ್ರು, ಆಮೇಲೆ ಒಳಗೆ ಹೋಗಿ ದಪ್ಪದೊಂದು ಪುಸ್ತಕ ತಂದು, ಇಬ್ರೂ ಸೇರಿ ನೋಡಿ, ಕೊನೆಗೆ ಕೊಟ್ಟ ಹೆಸ್ರನ್ನೇ ಮೊದ್ಲು ಹಾಕಿ ಇನಿಷಿಯಲ್ ಹಿಂದಕ್ಕೆ ಹಾಕೋದು ಅಂತ ತೀರ್ಮಾನ ಆಯ್ತು. ಅಕ್ಷರ ಕ್ರಮದಲ್ಲಿ ನಮ್ಮಮ್ಮ ಪೇಟೆಂಟ್‌ನ ಲೇಖನಕ್ಕೂ ಆ ಕೆಮಿಸ್ಟ್ರಿ ಲೇಖನಕ್ಕೂ ನಡುವೆ ಬಂದು ಕೂತ್ರು.

ಬಿ ಪ್ಲಸ್ ಬಂತು. ಕಾಮಾಗಳು ತಪ್ಪಿದ್ವಂತೆ. ಅಮ್ಮಂಗೆ ಆ ಪುಟದ ಫೋಟೋ ಕಳ್ಸಿದೆ, ಮಾರ್ಕ್ಸ್ ಬಗ್ಗೆ ಏನೂ ಕೇಳಲಿಲ್ಲ, ಝೂಮ್ ಮಾಡಿ ನೋಡಿ ತಕ್ಷಣ ಫೋನ್ ಮಾಡಿದ್ರು, "ಇನಿಷಿಯಲ್ ಯಾಕೆ ಹಿಂದೆ ಹಾಕಿದೀಯಾ, ರೇಷನ್ ಕಾರ್ಡಲ್ಲಿ ಮುಂದೆ ಇದೆ" ಅಂತ.